ಇಳಿಬಿಟ್ಟ ಕಾಲಿನ ಬಣ್ಣ

ಕಾಲಿನ ವಿಷಯವಾಗಿ ಲೇಖನ ಬರೆಯಲು ಕುಳಿತವನನ್ನು ಕಂಡು ಕೆಲವು ವಾಚಕರಿಗೆ ನಗು ಬಂದೀತು. ಬರಲಿ. ಕಾರ್ಮಿಕರ ಪತ್ರಿಕೆಯಲ್ಲಿ ಪಗಾರದ ಮಾತು ಬರುತ್ತದೆ, ಬೋನಸ್ಸಿನ ಮಾತು ಬರುತ್ತದೆ, ಖೋಲಿ ಬಾಡಿಗೆಯ ಮಾತಂತೂ ಮುಗಿಯುವುದೇ ಇಲ್ಲ. ಅದನ್ನೆಲ್ಲ ದುಡಿದು ತರುವ ಕಾಲಿನ ಮಾತು ಮಾತ್ರ ಬಂದದ್ದನ್ನು ನಾನು ಕಾಣೆ. ತವೆಯ ಮುಂದೆ ನಿಲ್ಲುವವನಿರಲಿ, ಟೇಬಲ್ಲಿನಿಂದ ಟೇಬಲ್ಲಿಗೆ ಓಡುವವನಿರಲಿ, ಮಗ್ಗದ ಖಾತೆಯಲ್ಲಿ ಪಾಳಿ ಮುಗಿಯುವ ತನಕ ಕುಳಿತುಕೊಳ್ಳದವನಿರಲಿ, ನಮ್ಮೆಲ್ಲರ ಆಸ್ತಿ ಎರಡೇ ಎರಡು ಕಾಲು. ಅದರಲ್ಲಿ ಒಂದಕ್ಕೆ ಶಸ್ತ್ರಕ್ರಿಯೆ ಆಯಿತೆಂದರೆ ಊರಿನ ಮನೆಯ ಲೆಕ್ಕವೂ ಕುಂಟತೊಡಗುತ್ತದೆ.

ನನ್ನ ಕಥೆಯಿಂದಲೇ ಆರಂಭಿಸುತ್ತೇನೆ. ಎರಡು ವರ್ಷದ ಹಿಂದೆ ಮಳೆಗಾಲದ ಒಂದು ಬೆಳಗಿನ ಜಾವ, ಹೋಟೆಲಿನ ಅಡಿಗೆಮನೆಯಲ್ಲಿ ಹಿಟ್ಟು ಚೆಲ್ಲಿದ ನೆಲದ ಮೇಲೆ ಜಾರಿ ಬಿದ್ದು ಬಲಗಾಲಿನ ಹರಡು ಮುರಿಯಿತು. ಆಸ್ಪತ್ರೆಯಲ್ಲಿ ಎಲುಬಿಗೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಬಿಗಿದರು. ಆರು ವಾರ ಕಾಲು ಊರಬಾರದು, ಮೇಲೆತ್ತಿ ಇಡಬೇಕು ಎಂದು ಹೇಳಿ ಡೊಂಬಿವಲಿ ಪಶ್ಚಿಮದ ನಮ್ಮ ಖೋಲಿಗೆ ಕಳುಹಿಸಿದರು. ಗುಳಿಗೆಯ ಹೊತ್ತು ಬರೆದುಕೊಟ್ಟರು, ಮುಂದಿನ ತಾರೀಕು ಬರೆದುಕೊಟ್ಟರು. ಕಾಲಿನ ಬಣ್ಣ ಏನಾದೀತೆಂದು ಮಾತ್ರ ಯಾರೂ ಹೇಳಲಿಲ್ಲ.

ಪ್ಲಾಸ್ಟರು ತೆಗೆದ ಮರುದಿನ ಮಂಚದ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟೆ. ನೋಡುತ್ತಿದ್ದಂತೆಯೇ ಬೆರಳುಗಳಿಂದ ಹರಡಿನವರೆಗೆ ಇಡೀ ಪಾದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಒಳಗೆ ಇರುವೆ ಹರಿದಂತೆ ಜುಮುಜುಮು. ಖೋಲಿಯಲ್ಲಿ ನಾವು ಐದು ಜನ. ಐದು ಜನರಿಗೂ ಒಂದೊಂದು ವೈದ್ಯಶಾಸ್ತ್ರ. ಕುಂದಾಪುರದ ಹುಡುಗ, “ಇದು ಕೊಳೂಕೆ ಶುರುವಾಯ್ತ್ ಮಾರಾಯ್ರೆ” ಎಂದ. ಇನ್ನೊಬ್ಬ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಬೇಕೆಂದ. ಮೂರನೆಯವನು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೇಬಿಟ್ಟ. ಪಾದಕ್ಕೆ ಆಗ ಅರ್ಧ ಸ್ಪರ್ಶವೇ ಇರಲಿಲ್ಲವಾದುದರಿಂದ ಬಿಸಿ ಎಷ್ಟೆಂಬುದು ನನಗೆ ತಿಳಿಯಲಿಲ್ಲ. ಸಂಜೆಗೆ ಬೊಬ್ಬೆ ಎದ್ದಿತು. ಆಪರೇಶನ್ನಿನ ಗಾಯ ಎರಡು ವಾರದಲ್ಲಿ ಮಾಗಿತ್ತು. ಈ ಉಪ್ಪಿನ ಗಂಟಿನ ಗಾಯ ಮಾಗಲು ಎರಡು ತಿಂಗಳಾಯಿತು.

ಮರುದಿನ ಡಾಕ್ಟರರಲ್ಲಿಗೆ ಓಡಿದೆ. ಅವರು ಔಷಧ ಬರೆಯಲಿಲ್ಲ. ನನ್ನನ್ನು ಅಂಗಾತ ಮಲಗಿಸಿ, ಕಾಲನ್ನು ಎರಡು ದಿಂಬಿನ ಮೇಲೆ ಎತ್ತಿಟ್ಟು, ಗೋಡೆಯ ಗಡಿಯಾರ ತೋರಿಸಿದರು. ಒಂದು ನಿಮಿಷ ಕಳೆಯುವಷ್ಟರಲ್ಲಿ ನೇರಳೆ ಬಣ್ಣ ಇಳಿದು, ಎಡಗಾಲಿನ ಬಣ್ಣವೇ ಬಲಗಾಲಿಗೂ ಬಂತು. ಪಾದ ಬೆಚ್ಚಗಿತ್ತು. ಎತ್ತಿದಾಗ ಸರಿಹೋಗುವ, ಬೆಚ್ಚಗಿರುವ, ನೋವು ಏರದ ಕಾಲು ಸಾಮಾನ್ಯವಾಗಿ ಸಾಯುವ ಕಾಲಲ್ಲ, ಅಭ್ಯಾಸ ತಪ್ಪಿದ ಕಾಲು ಎಂದು ಅವರು ತಿಳಿಸಿದರು.

ಅಭ್ಯಾಸ ತಪ್ಪುವುದೆಂದರೇನು? ಡೊಂಬಿವಲಿಯ ಕಟ್ಟಡಗಳಲ್ಲಿ ವಾಸಿಸುವವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಮಾಳಿಗೆಯ ಮೇಲಿನ ಟಾಕಿಯಿಂದ ನೀರು ಕೆಳಗಿನ ನಲ್ಲಿಗೆ ತಾನಾಗಿಯೇ ಇಳಿಯುತ್ತದೆ. ಕೆಳಗಿನ ಟಾಕಿಯಿಂದ ಮೇಲೆ ಏರಬೇಕಾದರೆ ಪಂಪು ಬೇಕು, ಏರಿದ ನೀರು ಹಿಂದಿರುಗದಂತೆ ವಾಲ್ವು ಬೇಕು. ನಮ್ಮ ಕಾಲಿನ ವ್ಯವಸ್ಥೆಯೂ ಇದೇ. ಹೃದಯದಿಂದ ಅಪಧಮನಿಗಳ ಮೂಲಕ ರಕ್ತ ಪಾದಕ್ಕೆ ಸುಲಭವಾಗಿ ಇಳಿಯುತ್ತದೆ. ಹಿಂದಿರುಗಿ ಏರುವ ದಾರಿ ಅಭಿಧಮನಿಗಳದ್ದು. ಅಲ್ಲಿ ಪಂಪಿನ ಕೆಲಸ ಮಾಡುವುದು ಮೀನಖಂಡದ ಸ್ನಾಯು. ಹೆಜ್ಜೆ ಇಟ್ಟಾಗಲೆಲ್ಲ ಅದು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ನಾಳದೊಳಗಿನ ಪುಟ್ಟ ಕವಾಟಗಳು ಅದನ್ನು ಕೆಳಗೆ ಬೀಳಗೊಡುವುದಿಲ್ಲ. ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯ 1628ರಲ್ಲಿ ರಕ್ತಸಂಚಾರದ ಗ್ರಂಥ ಪ್ರಕಟಿಸಿದಾಗ, ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ, ರಕ್ತ ಒಂದೇ ದಿಕ್ಕಿಗೆ ಓಡುವುದನ್ನು ಈ ಕವಾಟಗಳಿಂದಲೇ ತೋರಿಸಿಕೊಟ್ಟನು.

ಆರು ವಾರ ನೆಲ ಮುಟ್ಟದ ಕಾಲಿನಲ್ಲಿ ಪಂಪು ಆರು ವಾರ ಬಂದಾಗಿರುತ್ತದೆ. ಮೀನಖಂಡ ಸೊರಗಿರುತ್ತದೆ, ನಾಳಗಳ ಬಿಗಿ ಸಡಿಲವಾಗಿರುತ್ತದೆ, ಕೊಯ್ದ ಜಾಗದಲ್ಲಿ ಬಾವು ಇರುತ್ತದೆ. ಆದುದರಿಂದ ಇಳಿದ ರಕ್ತ ಕೂಡಲೇ ಏರಲಾರದೆ ಚರ್ಮದ ಕೆಳಗೆ ನಿಂತು ಕಪ್ಪು ನೀಲಿಯಾಗಿ ಕಾಣುತ್ತದೆ. ನಡೆಯತೊಡಗಿದಂತೆ ಈ ಬಣ್ಣ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ, ಕಡಿಮೆಯಾಗುತ್ತ ಬರುತ್ತದೆ. ಹರಡಿನ ಆಪರೇಶನ್ನಾದವರಿಗೆ ಸಂಜೆಯ ಹೊತ್ತು ಬಾವು ಬರುವುದು ಆರು ತಿಂಗಳು, ಒಂದು ವರ್ಷದವರೆಗೂ ಇರಬಹುದು. ನನಗಂತೂ ಡೊಂಬಿವಲಿಯಿಂದ ದಾದರಿಗೆ ಸುಮಾರು ಒಂದು ತಾಸು ಲೋಕಲ್ಲಿನಲ್ಲಿ ಹೋಗಿ ಇಳಿಯುವ ಹೊತ್ತಿಗೆ ಚಪ್ಪಲಿಯ ಪಟ್ಟಿ ಒತ್ತಿದ ಗುರುತು ಬಹುಕಾಲ ಬೀಳುತ್ತಿತ್ತು.

ಹೆದರಿಕೆ ಹುಟ್ಟಿಸುವ ಇನ್ನೂ ಕೆಲವು ಬಣ್ಣಗಳಿವೆ. ಆಪರೇಶನ್ನಿನ ಮುಂಚೆ ಕಾಲಿಗೆ ಬಳಿಯುವ ಅಯೋಡಿನ್ ದ್ರಾವಣ ಚರ್ಮದ ಮೇಲೆ ಹಳದಿ ಕಂದಾಗಿ ದಿನಗಟ್ಟಲೆ ಉಳಿಯುತ್ತದೆ. ಅದನ್ನು ಕಾಮಾಲೆಯೆಂದು ತಿಳಿದು ಹೆಂಡತಿ ಊರಿನಲ್ಲಿ ಹರಕೆ ಹೊತ್ತದ್ದನ್ನು ನಾನು ಬಲ್ಲೆ. ಸಾಬೂನಿನಿಂದ ಹರಕೆ ತೀರಿತು. ಒಳಗೆ ಸೋರಿದ ರಕ್ತ ಭಾರಕ್ಕೆ ಕೆಳಗಿಳಿಯುತ್ತ ಹೋಗಿ, ಕೊಯ್ದ ಜಾಗ ಮೇಲಿದ್ದರೂ ಬೆರಳುಗಳ ಸಂದಿಯಲ್ಲಿ ಕಪ್ಪಾಗಿ ಕಾಣಿಸಿಕೊಂಡು, ಎರಡು ಮೂರು ವಾರಗಳಲ್ಲಿ ಹಸಿರು ಹಳದಿಯಾಗಿ ಮಾಯವಾಗುತ್ತದೆ. ಉಬ್ಬಿದ ನರಗಳಿಗೆ, ಅಂದರೆ ಡಾಕ್ಟರರು ವೆರಿಕೋಸ್ ವೇನ್ ಎನ್ನುವುದಕ್ಕೆ, ಶಸ್ತ್ರಕ್ರಿಯೆ ಆದವರ ಹರಡಿನ ಸುತ್ತ ಇರುವ ಕಂದು ಕಲೆ ನರ ತೆಗೆದ ಮಾತ್ರಕ್ಕೆ ಹೋಗುವುದಿಲ್ಲ. ಅದು ವರ್ಷಗಟ್ಟಲೆ ಸೋರಿ ಚರ್ಮದಲ್ಲಿ ಉಳಿದ ರಕ್ತದ ಕಬ್ಬಿಣಾಂಶ. ಮೆಲ್ಲಗೆ ತಿಳಿಯಾದೀತು, ಇಲ್ಲವೇ ಹಾಗೆಯೇ ಉಳಿದೀತು. ಆಪರೇಶನ್ನು ಕೆಟ್ಟಿತೆಂದು ಅದರಿಂದ ತಿಳಿಯಬೇಕಾಗಿಲ್ಲ.

ಇಷ್ಟು ತಿಳಿದುಕೊಂಡ ಮೇಲೆ ನಾನು ನಮ್ಮ ಚಾಳಿನ ಅರ್ಧ ಡಾಕ್ಟರನಾದೆ. ಈ ಲೇಖನಕ್ಕೆ ಕಾರಣವಾದದ್ದು ಅಲ್ಲಿಂದ ಮುಂದಿನ ಸಂಗತಿ.

ನಮ್ಮ ಮಹಡಿಯಲ್ಲಿಯೇ ವಿಜಾಪುರ ಕಡೆಯ ಒಬ್ಬರು ಹಿರಿಯರಿದ್ದಾರೆ. ನಾವೆಲ್ಲ ಕಾಕಾ ಎನ್ನುತ್ತೇವೆ. ಇಪ್ಪತ್ತರ ಹರೆಯದಲ್ಲಿ ಗಿರಣಗಾಂವದ ಒಂದು ಮಿಲ್ಲಿಗೆ ಬದಲಿ ಕಾರ್ಮಿಕರಾಗಿ ಸೇರಿದವರು. 1982ರ ಜನವರಿಯ ದೊಡ್ಡ ಮುಷ್ಕರದಲ್ಲಿ ಹೊರಬಿದ್ದು, ಭಿವಂಡಿಯ ಪವರ್‌ಲೂಮಿನಲ್ಲಿ ಬಹಳ ವರ್ಷ ನಿಂತು ಸವೆದು, ಕೊನೆಗೆ ರಾತ್ರಿ ವಾಚ್‌ಮನ್ ಆದವರು. ಕಳೆದ ವರ್ಷ ಸ್ಕೂಟರೊಂದು ಬಡಿದು ಮೊಣಕಾಲಿನ ಕೆಳಗಿನ ಎಲುಬು ಮುರಿದು, ಒಳಗೆ ಸಲಾಕೆ ಹಾಕಿಸಿಕೊಂಡು ಬಂದರು. ಮೂರನೆಯ ವಾರದಲ್ಲಿ ನನ್ನನ್ನು ಕರೆದು, “ತಮ್ಮಾ, ಕಾಲ ಕರ್ರಗಾಗೇತಿ. ನಿಂದೂ ಹಿಂಗ ಆಗಿತ್ತಲ್ಲಾ?” ಎಂದರು. ನಾನು ಬಾಗಿಲಲ್ಲಿ ನಿಂತೇ ನೋಡಿದೆ. ಕೆಲಸಕ್ಕೆ ಹೊತ್ತಾಗಿತ್ತು. “ಆಗಿತ್ತು ಕಾಕಾ, ಅದು ಎಲ್ಲರಿಗೂ ಆಗ್ತದೆ, ದಿಂಬಿನ ಮೇಲೆ ಎತ್ತಿ ಇಡಿ” ಎಂದು ಹೇಳಿ ನಡೆದೆ.

ನಾನು ಅವರ ಧೋತರ ಸರಿಸಿ ಮೀನಖಂಡ ನೋಡಲಿಲ್ಲ. ನೋಡಿದ್ದರೆ ಆ ಒಂದೇ ಕಾಲು ಮೊಣಕಾಲಿನವರೆಗೆ ಊದಿ ಬಿಗಿದದ್ದು ಕಾಣುತ್ತಿತ್ತು. ಮುಟ್ಟಲಿಲ್ಲ, ಮುಟ್ಟಿದ್ದರೆ ಬಿಸಿ ತಿಳಿಯುತ್ತಿತ್ತು. ಎತ್ತಿ ಇಟ್ಟ ಮೇಲೆ ಬಣ್ಣ ಇಳಿಯಿತೇ ಎಂದು ಕೇಳಲು ಸಂಜೆ ಹೋಗಲಿಲ್ಲ. ಅದು ಇಳಿದಿರಲಿಲ್ಲ. ಮೂರನೆಯ ದಿನ ಪಾಯಖಾನೆಗೆ ಹೋಗಿ ಬರುವಷ್ಟರಲ್ಲಿ ಕಾಕಾನಿಗೆ ಉಸಿರು ಹಿಡಿಯಿತು, ಎದೆ ಚುಚ್ಚಿತು. ಹುಡುಗರು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ತುಣುಕು ಶ್ವಾಸಕೋಶಕ್ಕೆ ಹೋಗಿತ್ತು. ಆಯುಷ್ಯ ಗಟ್ಟಿಯಿತ್ತು, ಬದುಕಿಕೊಂಡರು. ರಕ್ತ ತೆಳು ಮಾಡುವ ಗುಳಿಗೆ ಆರು ತಿಂಗಳು ನುಂಗಿದರು. ಇಂದಿನವರೆಗೆ ಅವರು ನನ್ನನ್ನು ಒಂದು ಮಾತು ಅಂದಿಲ್ಲ. ಅವರ ಬಾಗಿಲಿನ ಮುಂದೆ ಹಾದುಹೋಗುವಾಗ ಅದೇ ನನಗೆ ಭಾರವಾಗುತ್ತದೆ.

ಆದುದರಿಂದ ನನ್ನ ವಾದವನ್ನು ನೇರವಾಗಿ ಹೇಳಿಬಿಡುತ್ತೇನೆ. ಶಸ್ತ್ರಕ್ರಿಯೆಯಾದ ಕಾಲಿನ ಬಣ್ಣವನ್ನು ಬಾಗಿಲಲ್ಲಿ ನಿಂತು ಓದಬಾರದು. ಅದನ್ನು ಕಂಡು ಕೊಳೆಯಿತೆಂದು ಕೂಗುವವನೂ ತಪ್ಪು, ಎಲ್ಲರಿಗೂ ಆಗುತ್ತದೆಂದು ಕೈಬೀಸುವವನೂ ತಪ್ಪು. ಎರಡನೆಯವನು ಹೆಚ್ಚು ಅಪಾಯಕಾರಿ. ಖೋಲಿಯಲ್ಲಿ ಜೊತೆಗಿರುವವರೇ ನಮಗೆ ಹೆಂಡತಿ, ತಾಯಿ, ನರ್ಸು ಎಲ್ಲವೂ ಆಗಿರುವಾಗ, ಕಾಲನ್ನು ಹೇಗೆ ನೋಡಬೇಕೆಂಬುದನ್ನು ಅವರೂ ಕಲಿತಿರಬೇಕು.

ಮೊದಲನೆಯದಾಗಿ, ಒಂದು ಕಾಲನ್ನು ಎಂದೂ ಒಂಟಿಯಾಗಿ ನೋಡಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೈಯ ಹಿಂಭಾಗದಿಂದ ಎರಡನ್ನೂ ಮುಟ್ಟಿ ಬಿಸಿ ತಂಪು ಹೋಲಿಸಿ. ಹೆಬ್ಬೆರಳಿನ ಉಗುರನ್ನು ಐದು ಎಣಿಸುವ ತನಕ ಒತ್ತಿ ಬಿಡಿ; ಬಿಳಿಚಿದ ಉಗುರಿಗೆ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಚಳಿಗಾಲದಲ್ಲಿ ತುಸು ತಡವಾದೀತು, ಆದರೆ ಎರಡೂ ಕಾಲಿಗೆ ಒಂದೇ ಸಮ ತಡವಾಗಬೇಕು. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ನರದ ಪಕ್ಕಕ್ಕೆ, ನಾಡಿ ಬಡಿಯುತ್ತದೆ. ಒಳ ಹರಡಿನ ಹಿಂದೆ ಇನ್ನೊಂದು. ಕೆಲವರಿಗೆ ಹುಟ್ಟಿನಿಂದಲೇ ಪಾದದ ಮೇಲಿನ ನಾಡಿ ಕೈಗೆ ಸಿಗುವುದಿಲ್ಲ. ಆದುದರಿಂದ ಅದು ಸಿಗದ ಮಾತ್ರಕ್ಕೆ ಅಳಬೇಕಾಗಿಲ್ಲ. ನಿನ್ನೆ ಸಿಕ್ಕದ್ದು ಇಂದು ಸಿಗದಿದ್ದರೆ ತಡಮಾಡಬೇಡಿ.

ಇಲ್ಲಿ ನಮ್ಮ ಚರ್ಮದ ಮಾತು ಹೇಳಲೇಬೇಕು. ಚರ್ಮ ಗುಲಾಬಿಯಾಗಿದ್ದರೆ ಕ್ಷೇಮ, ನೀಲಿಯಾದರೆ ಅಪಾಯ, ಕೆಂಪಾದರೆ ಕೀವು ಎಂದು ಪುಸ್ತಕಗಳು ಹೇಳುತ್ತವೆ. ಯಾರ ಚರ್ಮ? ಬಿಸಿಲಿನಲ್ಲಿ, ಭಟ್ಟಿಯ ಮುಂದೆ, ಹುಟ್ಟಿನಿಂದಲೇ ಕಪ್ಪಾದ ನಮ್ಮ ಕಾಲು ಗುಲಾಬಿಯಾದದ್ದು ಯಾವಾಗ? ಲಂಡನ್ನಿನ ಸೇಂಟ್ ಜಾರ್ಜ್ಸ್ ವೈದ್ಯ ವಿದ್ಯಾಲಯದಲ್ಲಿ ಕಲಿಯುತ್ತಿದ್ದ ಮಲೋನ್ ಮುಕ್ವೆಂಡೆ ಎಂಬ ಆಫ್ರಿಕನ್ ಮೂಲದ ವಿದ್ಯಾರ್ಥಿಗೆ ಇದೇ ಪ್ರಶ್ನೆ ಹುಟ್ಟಿತು. ಪಾಠದಲ್ಲಿ ತೋರಿಸುವ ಲಕ್ಷಣಗಳೆಲ್ಲ ಬಿಳಿಯ ಚರ್ಮದವು. ತನ್ನಂಥ ಚರ್ಮದ ಮೇಲೆ ಅವು ಹೇಗೆ ಕಾಣುತ್ತವೆಂದು ಹೇಳುವವರಿಲ್ಲ. 2020ರಲ್ಲಿ ಆತ ತನ್ನ ಇಬ್ಬರು ಅಧ್ಯಾಪಕರೊಡನೆ ಕಪ್ಪು ಮತ್ತು ಕಂದು ಚರ್ಮದ ಮೇಲೆ ರೋಗಲಕ್ಷಣಗಳು ಕಾಣುವ ಬಗೆಯನ್ನೇ ಕೈಪಿಡಿಯಾಗಿ ಹೊರತಂದನು. ಒಬ್ಬ ವಿದ್ಯಾರ್ಥಿ ಮಾಡಿದ ಈ ಕೆಲಸ, ಕೋಟಿಗಟ್ಟಲೆ ಕಂದು ಜನರಿರುವ ನಮ್ಮ ದೇಶದ ಪ್ರತಿಯೊಂದು ವಾರ್ಡಿನ ಗೋಡೆಯ ಮೇಲೂ ಇರಬೇಕಾದದ್ದು.

ನಮ್ಮ ಕಾಲಿನ ಮೇಲೆ ಕೀವಿನ ಕೆಂಪು ಕೆಂಪಾಗಿ ಕಾಣದೆ ಸುತ್ತಲಿನ ಚರ್ಮಕ್ಕಿಂತ ಗಾಢವಾದ ಕಪ್ಪಾಗಿಯೋ ಕಗ್ಗೆಂಪಾಗಿಯೋ ಕಾಣುತ್ತದೆ; ಕಣ್ಣಿಗಿಂತ ಕೈಗೆ ಮೊದಲು ಬಿಸಿಯಾಗಿ ತಿಳಿಯುತ್ತದೆ. ರಕ್ತ ಬಾರದ ಬೆರಳು ಬಿಳಿಯಾಗದೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದುದರಿಂದ ಅಂಗಾಲು ಮತ್ತು ಉಗುರು, ಅಂದರೆ ಬಣ್ಣ ಕಡಿಮೆಯಿರುವ ಜಾಗಗಳನ್ನು, ನೋಡಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ. ಫೋಟೋ ತೆಗೆದು ಡಾಕ್ಟರರಿಗೆ ಕಳುಹಿಸುವ ರೂಢಿಯೂ ಬಂದಿದೆ. ಒಳ್ಳೆಯದೇ. ಖೋಲಿಯ ಹಳದಿ ದೀಪದಲ್ಲಿ ತೆಗೆದ ಫೋಟೋ ಮಾತ್ರ ಸುಳ್ಳು ಸಾಕ್ಷಿ. ಹಗಲು ಕಿಟಕಿಯ ಹತ್ತಿರ ಕುಳಿತು, ಎರಡೂ ಪಾದಗಳು ಒಂದೇ ಚಿತ್ರದಲ್ಲಿ ಬರುವಂತೆ, ಇಳಿಬಿಟ್ಟು ಒಂದು, ಎತ್ತಿಟ್ಟು ಒಂದು ತೆಗೆಯಿರಿ.

ಯಾವಾಗ ಫೋಟೋ ಗೀಟೋ ಎನ್ನದೆ ಓಡಬೇಕು? ಪ್ಲಾಸ್ಟರಿನೊಳಗೆ, ಬಿಗಿದ ಪಟ್ಟಿಯೊಳಗೆ ನೋವು ಗಂಟೆಗಂಟೆಗೂ ಏರುತ್ತಿದ್ದು, ಗುಳಿಗೆಗೆ ಬಗ್ಗದೆ, ಬೆರಳನ್ನು ಮೆಲ್ಲಗೆ ಎಳೆದರೂ ಪ್ರಾಣ ಹೋದಂತಾದರೆ, ಬೆರಳು ತಣ್ಣಗಾಗಿ ಜೋಮು ಹಿಡಿದರೆ, ಬೆಳಗಾಗಲಿ ಎನ್ನಬೇಡಿ. ಒಳಗಿನ ಒತ್ತಡದಿಂದ ರಕ್ತ ತಡೆದುಹೋದ ಸ್ನಾಯು ಸುಮಾರು ಆರು ತಾಸಿನಲ್ಲಿ ಮತ್ತೆ ಬಾರದಂತೆ ಕೆಡತೊಡಗುತ್ತದೆ. ಈ ಸ್ಥಿತಿಯಲ್ಲಿ ಬಣ್ಣವೂ ನಾಡಿಯೂ ಎಷ್ಟೋ ವೇಳೆ ಸರಿಯಾಗಿಯೇ ಇರುತ್ತವೆಂಬುದನ್ನು ನೆನಪಿಡಬೇಕು. ಇಲ್ಲಿ ನೋವನ್ನೇ ನಂಬಬೇಕು. ಎರಡನೆಯದು ಕಾಕಾನದು: ಒಂದೇ ಮೀನಖಂಡ ಊದಿ, ನೋವಾಗಿ, ಎತ್ತಿದರೂ ಬಣ್ಣ ಇಳಿಯದಿರುವುದು. ಆಪರೇಶನ್ನಾದ ಮೂರು ತಿಂಗಳವರೆಗೂ ಇದರ ಭಯ ಉಂಟು. ಆ ಕಾಲನ್ನು ತಿಕ್ಕಲೇಬಾರದು. ಜೊತೆಗೆ ಉಸಿರು ಹಿಡಿದರೆ, ಕೆಮ್ಮಿದಾಗ ರಕ್ತ ಬಿದ್ದರೆ, ಲೋಕಲ್ ಹತ್ತಿ ದೂರದ ಆಸ್ಪತ್ರೆಗೆ ಹೊರಡುವುದಲ್ಲ. 108ಕ್ಕೆ ಫೋನು ಮಾಡಿ ಅತಿ ಹತ್ತಿರದ್ದಕ್ಕೆ ಹೋಗಬೇಕು. ಜ್ವರ, ಕೀವು, ದಿನದಿಂದ ದಿನಕ್ಕೆ ಹರಡುವ ಬಿಸಿ ಇದ್ದರೂ ಅದೇ ಮಾತು.

ಇನ್ನೊಂದು ಬಗೆಯುಂಟು, ತುಸು ವಿಚಿತ್ರವಾದುದು. ಗಾಯ ಮಾಗಿದೆ, ಎಲುಬು ಕೂಡಿದೆ, ಆದರೂ ಕಾಲು ಒಮ್ಮೆ ಕೆಂಪಾಗಿ ಬಿಸಿ, ಒಮ್ಮೆ ನೀಲಿಯಾಗಿ ತಂಪು, ಬೆವರುತ್ತದೆ, ಹೊದಿಕೆ ತಾಗಿದರೂ ಬೆಂಕಿ ತಾಗಿದಂತೆ ಉರಿ. ಅಮೇರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರಲ್ಲಿ ವೀರ್ ಮಿಚೆಲ್ ಎಂಬ ವೈದ್ಯ 1864ರಲ್ಲಿಯೇ ಇಂಥ ಉರಿಯನ್ನು ವರ್ಣಿಸಿದ್ದನು. ಖೋಲಿಯವರು ಇಂಥವನನ್ನು ನಟಿಸುತ್ತಾನೆ ಎನ್ನುವುದುಂಟು, ಮಾಲೀಕರಂತೂ ಎಂದೇ ಎನ್ನುತ್ತಾರೆ. ಅದು ನಟನೆಯಲ್ಲ, ನರಗಳ ನಿಜವಾದ ಕಾಯಿಲೆ. ಕಾಲನ್ನು ಬಚ್ಚಿಟ್ಟಷ್ಟೂ ಹೆಚ್ಚುತ್ತದೆ, ಬೇಗನೆ ವ್ಯಾಯಾಮ ಚಿಕಿತ್ಸೆಗೆ ಹೋದವರಿಗೆ ಗುಣ ಬೇಗ.

ಬೀಡಿಯ ಬಂಧುಗಳಿಗೆ ಬೇರೆಯೇ ಎರಡು ಮಾತು. ಇಷ್ಟು ಹೊತ್ತು ಹೇಳಿದ್ದು ರಕ್ತ ಏರದ ಕಾಲಿನ ಸಂಗತಿ. ಬೀಡಿ ಸೇದುವವರಿಗೆ ರಕ್ತ ಇಳಿಯದ ಕಾಲು ಬರುತ್ತದೆ. ಅದರ ನಡೆ ಪೂರಾ ತಿರುಗಾಮುರುಗ. ಎತ್ತಿಟ್ಟರೆ ಪಾದ ಬೂದಿಯಾಗಿ ಬಿಳಿಚಿ ನೋಯುತ್ತದೆ, ಇಳಿಬಿಟ್ಟರೆ ಕೆಂಪೇರಿ ನೋವು ತಗ್ಗುತ್ತದೆ. ಆದುದರಿಂದ ರಾತ್ರಿಯೆಲ್ಲ ಕಾಲು ಇಳಿಬಿಟ್ಟು ಕುಳಿತಿರುತ್ತಾರೆ. ನ್ಯೂಯಾರ್ಕಿನ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ ಈ ಕಾಯಿಲೆ ನಲವತ್ತೈದರ ಒಳಗಿನ, ಹೊಗೆಸೊಪ್ಪು ಬಿಡದ ಗಂಡಸರದ್ದು. ನಮ್ಮ ದೇಶದ ಆಸ್ಪತ್ರೆಗಳಿಗೆ ಅದು ಬೀಡಿಯ ಮೂಲಕ ಚೆನ್ನಾಗಿ ಪರಿಚಿತ. ಇದಕ್ಕಾಗಿ ಸೊಂಟದ ಹತ್ತಿರದ ನರವನ್ನು ಕತ್ತರಿಸುವ ಶಸ್ತ್ರಕ್ರಿಯೆಯುಂಟು. ಅದಾದ ಮೇಲೆ ಪಾದ ಬೆಚ್ಚಗಾಗಿ, ಬೆವರು ನಿಂತು ಒಣಗಿದಂತಾಗುತ್ತದೆ. ಬೆಚ್ಚಗಾಯಿತೆಂದು ಸಂತೋಷದಿಂದ ಒಂದು ಬೀಡಿ ಹಚ್ಚಿದವನ ಬೆರಳನ್ನು ಯಾವ ಸರ್ಜನ್ನನೂ ಕಾಯಲಾರ. ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ನರ ಸತ್ತ ಅವರ ಪಾದ ಬೆಚ್ಚಗೆ, ನೋವಿಲ್ಲದೆ, ನೋಡಲು ಚೆನ್ನಾಗಿಯೇ ಇದ್ದು ಒಳಗೆ ಕೆಡುತ್ತಿರಬಹುದು. ಪ್ರತಿ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು ಅವರಿಗೆ ಊಟದಷ್ಟೇ ಅವಶ್ಯ.

ಇದುವರೆಗಿನದು ಖೋಲಿಯೊಳಗಿನ ಮಾತಾಯಿತು. ಕಾಲು ಎತ್ತಿ ಇಡಿ ಎಂದು ಡಾಕ್ಟರರು ಹೇಳಿದರು. ಎಲ್ಲಿ ಇಡುವುದು? ಯಾರ ಸಮಯದಲ್ಲಿ ಇಡುವುದು? ನಾಲ್ಕನೆಯ ವಾರಕ್ಕೆ ಸೇಟ್ರ ಫೋನು ಬರುತ್ತದೆ: “ಏನಪ್ಪಾ, ಬರ್ತೀಯೋ, ಬೇರೆ ಜನ ನೋಡಿಕೊಳ್ಳಲೋ?” ಊರಿನಿಂದ ಇನ್ನೊಂದು ಫೋನು ಬರುತ್ತದೆ, ಮಗಳ ಫೀಸು. ಎಂಟನೆಯ ವಾರಕ್ಕೆ ಅವನು ತವೆಯ ಮುಂದೆ ನಿಂತಿರುತ್ತಾನೆ, ಹನ್ನೆರಡು ತಾಸು. ಅಲ್ಲಿ ಪಾದದ ಬಣ್ಣ ನೋಡುವವರಾರು?

ಹೋಟೆಲಿನಲ್ಲಿ ಹೆಚ್ಚು ನಡೆಯುವ ಸಪ್ಲಾಯರನ ಕಾಲಿಗೇ ಹೆಚ್ಚು ಕೇಡೆಂದು ನಾವು ತಿಳಿಯುತ್ತೇವೆ. ಲೆಕ್ಕ ಬೇರೆಯೇ ಇದೆ. ಅಲುಗದೆ ನಿಂತವನ ಹರಡಿನ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಹೆಜ್ಜೆ ಹಾಕತೊಡಗಿದೊಡನೆ ಪಂಪು ನಡೆದು ಆರೋಗ್ಯವಂತನಲ್ಲಿ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಅಂದರೆ ಒಂದೇ ಜಾಗದಲ್ಲಿ ಬೇರೂರಿದ ದೋಸೆ ಭಟ್ಟರ, ಮೋರಿಯಲ್ಲಿ ಕಪ್ಪು ಬಸಿ ತೊಳೆಯುವ ಹುಡುಗನ, ಗಲ್ಲಾದ ಹಿಂದೆ ನಿಲ್ಲುವವನ ಕಾಲಿಗೆ ಭಾರ ಹೆಚ್ಚು. ಶಸ್ತ್ರಕ್ರಿಯೆಯಾದವನನ್ನು “ನಡೆಯುವುದು ಬೇಡಪ್ಪಾ, ಇಲ್ಲೇ ನಿಂತುಕೋ” ಎಂದು ಮೋರಿಗೆ ಹಾಕುವ ಸೇಟ್ರು ದಯೆಯಿಂದಲೇ ಮಾಡುತ್ತಾರೆ. ಆಗುವುದು ಮಾತ್ರ ಕೇಡು. ಅವನಿಗೆ ಬೇಕಾದದ್ದು ತುಸು ನಡೆ, ತುಸು ಕೂರು, ತಾಸಿಗೊಮ್ಮೆ ಐದು ನಿಮಿಷ ಕಾಲೆತ್ತು.

ಇದನ್ನು ಕೇಳುವುದು ಭಿಕ್ಷೆಯಲ್ಲ. ನಿಂತು ದುಡಿಯುವವರಿಗೆ ಕುಳಿತುಕೊಳ್ಳುವ ಏರ್ಪಾಡು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೆಯ ಕಲಮಿನಲ್ಲಿಯೇ ಬರೆದಿದ್ದರು. ಮಿಲ್ಲುಗಳಲ್ಲಿ ಆ ಕಲಮು ಎಷ್ಟು ನಡೆಯಿತೆಂಬುದನ್ನು ಕಾಕಾನಂಥವರ ಕಾಲು ಹೇಳುತ್ತದೆ. ಅಂಗಡಿ ಹೋಟೆಲುಗಳಿಗೆ ಕಾರ್ಖಾನೆ ಕಾಯ್ದೆ ತಾಗಲಿಲ್ಲ. ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಂಗಸರು ದಿನವಿಡೀ ನಿಂತೇ ಇರಬೇಕಾಗಿತ್ತು, ಕುಳಿತರೆ ದಂಡ. ಕೋಳಿಕ್ಕೋಡಿನ ಹೊಲಿಗೆ ಕೆಲಸದ ಪಿ. ವಿಜಿ ಮತ್ತು ಆಕೆಯ ಸಂಗಡಿಗರು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಅಲ್ಲಿನ ಸರಕಾರ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಹೆಂಗಸರು ಒಂದು ಸ್ಟೂಲಿಗಾಗಿ ಕಾಯ್ದೆಯನ್ನೇ ಬದಲಾಯಿಸಿದರು. ನಾವು ಗಂಡಸರು ನೂರು ವರ್ಷದಿಂದ ಮುಂಬಯಿಯ ಹೋಟೆಲುಗಳಲ್ಲಿ ನಿಂತಿದ್ದೇವೆ, ಸ್ಟೂಲು ಬೇಕೆಂದು ಬಾಯಿ ಬಿಟ್ಟು ಕೇಳಲು ನಾಚಿಕೆ!

ಇನ್ನು ರಜೆಯ ಪ್ರಶ್ನೆ. 1952ರ ಫೆಬ್ರವರಿ 24ರಂದು ಕಾನಪುರದಲ್ಲಿ ನೆಹರೂ ಅವರು ಉದ್ಘಾಟಿಸಿದ ಇ.ಎಸ್.ಐ. ಯೋಜನೆ ಮಿಲ್ಲಿನವರಿಗೆ ಹಳೆಯ ಪರಿಚಯ. ಹೋಟೆಲಿನ ಹುಡುಗರಲ್ಲಿ ಎಷ್ಟೋ ಜನ ತಮ್ಮ ಪಗಾರದಿಂದ ಅದಕ್ಕೆ ಹಣ ಕಡಿಯುತ್ತಾರೆಯೇ ಇಲ್ಲವೇ ಎಂಬುದನ್ನೇ ನೋಡಿಲ್ಲ. ಹತ್ತು ಜನರಿಗೆ ಕಡಿಮೆಯಿಲ್ಲದ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ. ತಿಂಗಳ ಮಜೂರಿಯ ಮಿತಿಯನ್ನು 2017ರ ಜನವರಿಯಿಂದ 21,000 ರೂಪಾಯಿಗೆ ಏರಿಸಿದರು. 2019ರ ಜುಲೈಯಿಂದ ಕಾರ್ಮಿಕನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕರದ್ದು ಮೂರೂಕಾಲು. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ಹಣ ಕಟ್ಟಿದವನಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಮಜೂರಿಯ ನೂರಕ್ಕೆ 70 ಸಿಗುತ್ತದೆ. ಕೆಲಸದ ಮೇಲೆ ಬಿದ್ದು ಗಾಯವಾದರೆ ನೂರಕ್ಕೆ 90, ಅದೂ ಕಾಲು ಕೆಲಸಕ್ಕೆ ಬರುವ ತನಕ.

ಈ 70 ಮತ್ತು 90ರ ನಡುವೆ ಒಂದು ಸಣ್ಣ ಸುಳ್ಳು ನಡೆಯುತ್ತದೆ. ಅಡಿಗೆಮನೆಯಲ್ಲಿ ಜಾರಿದವನನ್ನು ಆಸ್ಪತ್ರೆಗೆ ಕರೆದೊಯ್ಯುವ ಮ್ಯಾನೇಜರರು, “ಮನೆಯಲ್ಲಿ ಬಿದ್ದೆ ಅಂತ ಹೇಳು, ಪಂಚಾಯಿತಿ ಬೇಡ” ಎನ್ನುತ್ತಾರೆ. ನೋವಿನಲ್ಲಿ ನಾವು ಹೂಂ ಎನ್ನುತ್ತೇವೆ. ಆ ಒಂದು ಹೂಂ ಮೂರು ತಿಂಗಳ ಅನ್ನವನ್ನು ಕಿತ್ತುಕೊಳ್ಳುತ್ತದೆ, ಕಾಲನ್ನು ಅವಧಿಗೆ ಮುಂಚೆ ತವೆಯ ಮುಂದೆ ನಿಲ್ಲಿಸುತ್ತದೆ. ನಾನೂ ಹೂಂ ಎಂದವನೇ. ಆ ಹೋಟೆಲಿನ ಹೆಸರು ಇಲ್ಲಿ ಬೇಡ. ಅಲ್ಲಿ ಉಂಡ ಅನ್ನದ ಋಣವೂ ಇದೆ. ಆದರೆ ಇನ್ನು ಮುಂದೆ ಬೀಳುವವನು ಆಸ್ಪತ್ರೆಯ ಕಾಗದದಲ್ಲಿ ಎಲ್ಲಿ ಬಿದ್ದನೋ ಅಲ್ಲಿ ಬಿದ್ದೆನೆಂದೇ ಬರೆಸಬೇಕು, ಜೊತೆಯವನು ಸಾಕ್ಷಿ ನಿಲ್ಲಬೇಕು. ನಮ್ಮ ಸಂಘ ಈ ವರ್ಷ ಮಾಡಬೇಕಾದ ಕೆಲಸಗಳಲ್ಲಿ ನಾಟಕದ ತಾಲೀಮಿಗಿಂತ ಮೊದಲು ಇದು ಬರಬೇಕು. ಭಾನುವಾರ ಎರಡು ತಾಸು ಯಾರಾದರೂ ಕುಳಿತು ಹುಡುಗರ ಇ.ಎಸ್.ಐ. ನಂಬರು ನೋಡಿ, ಹಣ ಕಟ್ಟಿದೆಯೇ ಎಂದು ತೆಗೆದು ತೋರಿಸಿದರೆ ಸಾಕು. ಓದು ಬಲ್ಲವನಿಗೆ ಮೊಬೈಲಿನಲ್ಲಿಯೇ ಆಗುವ ಕೆಲಸ.

ನಾನು ಈಗ ಬೇರೆ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತೇನೆ. ಸೇರುವ ದಿನವೇ ಸೇಟ್ರೊಡನೆ, ಕುಳಿತುಕೊಳ್ಳಲು ಸ್ಟೂಲು ಕೊಟ್ಟರೆ ಮಾತ್ರ ಎಂದು ಹೇಳಿದೆ. ಅವರು ಮುಖ ನೋಡಿ, ಆಮೇಲೆ ತಮ್ಮ ಪ್ಯಾಂಟು ಸ್ವಲ್ಪ ಎತ್ತಿ ತೋರಿಸಿದರು. ಹರಡಿನ ಸುತ್ತ ಅದೇ ಕಂದು ಕಲೆ. ಮೂವತ್ತು ವರ್ಷದ ಹಿಂದೆ ಮಾಣಿಯಾಗಿ ಬಂದವರಂತೆ. ಸ್ಟೂಲು ಬಂತು. ಕಾಲಿಡಲು ಖಾಲಿ ಎಣ್ಣೆ ಡಬ್ಬವನ್ನು ಅವರೇ ಕೆಳಗೆ ಸರಿಸಿಕೊಟ್ಟರು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ದೋಸೆ ಭಟ್ಟರು ಬಂದು, “ಸ್ವಲ್ಪ ಏಳಿ ಮಾರಾಯ್ರೆ” ಎಂದು ನನ್ನನ್ನು ಎಬ್ಬಿಸಿ, ಆ ಡಬ್ಬದ ಮೇಲೆ ಕಾಲಿಟ್ಟು ಕುಳಿತುಕೊಳ್ಳುತ್ತಾರೆ.